ಟವೆಲ್ಲಿನಡಿಯ ಗಂಡಸು: ಘಾಟಿಯ ದನಗಳ ಜಾತ್ರೆಯನ್ನು ಕುರಿತೊಂದು ಶಾಸ್ತ್ರವಿಚಾರ

ಗಂಡಸರು ಗಂಡಸರ ಜೊತೆಗೇ ಊರ ಹೊರಗೆ ಕೆಲವು ದಿನ ತಂಗಿ, ಸಾಮೀಪ್ಯ, ನಂಬಿಕೆ, ಕಾಮ ಎಂಬ ಮೂರು ವಿಷಯಗಳ ಬಗ್ಗೆ ಬಾಯಿಬಿಡಲು ಯತ್ನಿಸುವ ಏರ್ಪಾಡಿಗೆ ಇಂಗ್ಲಿಷಿನಲ್ಲಿ ‘ರಿಟ್ರೀಟ್’ ಎಂದು ಹೆಸರು. ದಂಡಿನ ಪರಿಭಾಷೆಯಲ್ಲಿ ಇದೇ ಶಬ್ದಕ್ಕೆ ಸೋಲು ಕಂಡು ಹಿಂದೆ ಸರಿಯುವುದು ಎಂಬ ಅರ್ಥವೂ ಇರುವುದನ್ನು ಶಾಸ್ತ್ರಜ್ಞರು ಮರೆಯಬಾರದು. ಕನ್ನಡದಲ್ಲಿ ಇದನ್ನು ‘ಏಕಾಂತ ಶಿಬಿರ’ ಎನ್ನಬಹುದು. ಏಕಾಂತವೆಂದರೆ ಒಬ್ಬನೇ ಇರುವುದು, ಶಿಬಿರವೆಂದರೆ ದಂಡು ಬೀಡುಬಿಟ್ಟ ಜಾಗ, ಆದ್ದರಿಂದ ಒಂಟಿತನವನ್ನು ಹಿಂಡಾಗಿ ಅನುಭವಿಸುವುದು ಎಂದು ಈ ಸಮಾಸವನ್ನು ಬಿಡಿಸಬೇಕಾಗುತ್ತದೆ. ಇಂಥ ಶಿಬಿರವು ಪಶ್ಚಿಮದಲ್ಲಿ ಹುಟ್ಟಿ ಬೆಂಗಳೂರಿನ ಸುತ್ತಲ ರೆಸಾರ್ಟುಗಳಿಗೆ ಇಳಿಯಿತೆಂಬುದು ಪ್ರಚಲಿತ ಮತ. ಆ ಮತ ಅಪೂರ್ಣವೆಂದೂ, ದೊಡ್ಡಬಳ್ಳಾಪುರ ತಾಲ್ಲೂಕು ತೂಬಗೆರೆ ಹೋಬಳಿಯ ಘಾಟಿ ಸುಬ್ರಹ್ಮಣ್ಯದಲ್ಲಿ ಚಳಿಗಾಲದ ದನಗಳ ಜಾತ್ರೆಯ ಹೆಸರಿನಲ್ಲಿ ಅದು ಹಿಂದಿನಿಂದಲೂ ನಡೆದುಬಂದಿದೆಯೆಂದೂ, ಅಲ್ಲಿಗೆ ಬರುವವರಿಗೆ ಮಾತ್ರ ಆ ಸಂಗತಿ ಗೊತ್ತಿಲ್ಲವೆಂದೂ ಸ್ಥಾಪಿಸುವುದು ಈ ಪ್ರಬಂಧದ ಪ್ರತಿಜ್ಞೆ.

ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಮೊದಲು ಗೌರವದಿಂದ ನಿಲ್ಲಿಸಿ ಆಮೇಲೆ ಕೆಡವುವುದು ಶಾಸ್ತ್ರಸಂಪ್ರದಾಯ. ಅಮೆರಿಕದಲ್ಲಿ 1950ರಷ್ಟು ಹಿಂದೆಯೇ ಸಲಿಂಗಾನುರಾಗಿಗಳ ಸಂಘ ಕಟ್ಟಿದ್ದ ಹ್ಯಾರಿ ಹೇ ಎಂಬಾತ 1979ರಲ್ಲಿ ಗೆಳೆಯರೊಡಗೂಡಿ ಅಂಥ ಗಂಡಸರನ್ನು ಅರಿಜೋನಾದ ಮರುಭೂಮಿಗೆ ಕರೆದು, ನಗರದ ಕಣ್ಣು ತಪ್ಪಿಸಿ ಒಬ್ಬರನ್ನೊಬ್ಬರು ಅಂಜಿಕೆಯಿಲ್ಲದೆ ನೋಡುವ ಕೂಟವೊಂದನ್ನು ನಡೆಸಿದ. ಇನ್ನೊಂದು ದಿಕ್ಕಿನಿಂದ ಬಂದವನು ಕಬೀರನನ್ನು ಇಂಗ್ಲಿಷಿಗೆ ತಂದ ಕವಿ ರಾಬರ್ಟ್ ಬ್ಲೈ. ಗ್ರಿಮ್ ಸೋದರರ ಒಂದು ಕಥೆಯನ್ನು ಹಿಡಿದು ಆತ 1990ರಲ್ಲಿ ‘ಐರನ್ ಜಾನ್’ ಎಂಬ ಪುಸ್ತಕ ಪ್ರಕಟಿಸಿದ ಮೇಲೆ, ಕಚೇರಿ ಕೆಲಸದ ಗೃಹಸ್ಥರು ಕಾಡಿಗೆ ಹೋಗಿ ಡೋಲು ಬಡಿದು, ಅಪ್ಪಂದಿರನ್ನು ನೆನೆದು ಅತ್ತು, ಸೋಮವಾರ ಮತ್ತೆ ಕಚೇರಿಗೆ ಹಾಜರಾಗುವ ಪದ್ಧತಿ ಬಲವಾಯಿತು. ಘಾಟಿಯಲ್ಲಿಯೂ ತಮಟೆಯುಂಟು, ಆದರೆ ಅದು ಒಳಗಿನ ಗಂಡಸನ್ನು ಎಬ್ಬಿಸುವುದಕ್ಕಲ್ಲ. ಹೊರಗಿನ ಜೋಡೆತ್ತು ಪೆಂಡಾಲಿಗೆ ಬಂತೆಂದು ಊರಿಗೆ ಸಾರುವುದಕ್ಕೆ.

ಕ್ಷೇತ್ರದ ವಿವರ ಹೀಗಿದೆ. ಪುಷ್ಯ ಶುದ್ಧ ಷಷ್ಠಿಯ ಬ್ರಹ್ಮರಥೋತ್ಸವವನ್ನು ಆಸುಪಾಸಿನಲ್ಲಿಟ್ಟುಕೊಂಡು ಡಿಸೆಂಬರ್–ಜನವರಿಯ ಚಳಿಯಲ್ಲಿ ಸೇರುವ ಈ ಜಾತ್ರೆಗೆ ರೈತರು ಹಳ್ಳಿಕಾರ್ ತಳಿಯ ಎತ್ತು, ಹೋರಿಗಳನ್ನು ಹೊಡೆದುಕೊಂಡು ಬಂದು, ಹುಲ್ಲು ಹಾಸಿ, ಕಂಬಳಿ ಹೊದ್ದು, ದನಗಳ ಪಕ್ಕದಲ್ಲೇ ರಾತ್ರಿಗಳನ್ನು ಕಳೆಯುತ್ತಾರೆ. ಹೀಗೆ ಬಂದವರಲ್ಲಿ ಬಹುಪಾಲು ಗಂಡಸರೇ. ಅವರು ಇಲ್ಲಿರುವಷ್ಟು ದಿನವೂ ಊರಿನ ಕೊಟ್ಟಿಗೆಯಲ್ಲಿ ಸಗಣಿ ಬಾಚಿ ಹಾಲು ಕರೆಯುವವರು ಯಾರೆಂಬ ಪ್ರಶ್ನೆಯನ್ನು ಅರಿಜೋನಾದ ಶಿಬಿರವಾಗಲಿ ತೂಬಗೆರೆ ಹೋಬಳಿಯ ಶಿಬಿರವಾಗಲಿ ಎತ್ತಿದ್ದಿಲ್ಲ. ಪುರುಷರ ಅಂತರಂಗ ಸಾಧನೆಗಳೆಲ್ಲವೂ ಮನೆಯಲ್ಲೊಬ್ಬಳು ಉಳಿದಿರುತ್ತಾಳೆಂಬ ಭರವಸೆಯ ಮೇಲೆ ನಿಂತಿರುವುದನ್ನು ಇಲ್ಲಿ ಸುಮ್ಮನೆ ಗುರುತಿಸಿ ಮುಂದಕ್ಕೆ ಹೋಗಬಹುದು.

ಸಿದ್ಧಾಂತದ ತಿರುಳು ಟವೆಲ್ಲಿನಲ್ಲಿದೆ. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಂದ ಕೂಗುವುದಿಲ್ಲ. ದಲ್ಲಾಳಿಯು ಹೆಗಲ ಮೇಲಿನ ಟವೆಲ್ಲನ್ನು ಇಳಿಸಿ, ಎದುರಿನವನ ಬಲಗೈಯನ್ನು ಅದರ ಕೆಳಗೆ ಹಿಡಿದು, ಬೆರಳುಗಳನ್ನು ಒತ್ತಿ ಮೊತ್ತವನ್ನು ತಿಳಿಸುತ್ತಾನೆ. ಒಂದು ಬೆರಳು ಹಿಡಿದರೆ ಒಂದು, ಅಂಗೈ ತುಂಬ ಐದನ್ನೂ ಹಿಡಿದರೆ ಐದು, ಅದು ಸಾವಿರವೋ ಹತ್ತು ಸಾವಿರವೋ ಲಕ್ಷವೋ ಎಂಬುದು ಎತ್ತಿನ ಮುಖ ನೋಡಿದರೆ ಗೊತ್ತಾಗುತ್ತದೆ. ಸುತ್ತ ನಿಂತವರು ಟವೆಲ್ಲಿನ ಅಲುಗಾಟವನ್ನು ಮಾತ್ರ ಕಾಣಬಲ್ಲರು. ಇಬ್ಬರು ವಯಸ್ಕ ಗಂಡಸರು, ಹಲವೊಮ್ಮೆ ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿಯದವರು, ಹಗಲು ಹೊತ್ತಿನಲ್ಲಿ, ಸಾರ್ವಜನಿಕರ ನಡುವೆ, ನಿಮಿಷಗಟ್ಟಲೆ ಕೈಯೊಳಗೆ ಕೈಯಿಟ್ಟು, ಕಣ್ಣಲ್ಲಿ ಕಣ್ಣಿಟ್ಟು ನಿಂತಿರುತ್ತಾರೆ. ರೆಸಾರ್ಟಿನ ಶಿಬಿರದಲ್ಲಿ ಇದೇ ಅಭ್ಯಾಸಕ್ಕೆ ‘ಐ ಗೇಜಿಂಗ್’, ಅಂದರೆ ದೃಷ್ಟಿ ಕೂಡಿಸುವುದು, ಎಂದು ಹೆಸರಿಟ್ಟು, ಚಾಪೆ ಹಾಸಿ, ಕೊಳಲಿನ ಧ್ವನಿಮುದ್ರಿಕೆ ಹಾಕಿ ಕಲಿಸಬೇಕಾಗುತ್ತದೆ; ಆದರೂ ಎರಡನೆಯ ನಿಮಿಷಕ್ಕೆ ಯಾರಾದರೊಬ್ಬರಿಗೆ ನಗು ಬರುತ್ತದೆ. ಘಾಟಿಯಲ್ಲಿ ನಗು ಬರುವುದಿಲ್ಲ, ಏಕೆಂದರೆ ನಗುವವನಿಗೆ ಐದು ಸಾವಿರ ನಷ್ಟ.

ಸಮ್ಮತಿಯೆಂಬ ತತ್ತ್ವವೂ ಇಲ್ಲಿ ಪೂರ್ಣವಾಗಿ ವಿಕಾಸಗೊಂಡಿದೆ. ಸಮ್ಮತಿಯೆಂದರೆ ಒಬ್ಬನು ಮುಟ್ಟುವುದಕ್ಕೆ ಇನ್ನೊಬ್ಬನು ಒಪ್ಪಿರುವುದು, ಮತ್ತು ಆ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಲ್ಲವನಾಗಿರುವುದು. ಬೆಲೆ ಒಗ್ಗದಿದ್ದರೆ ಕೈ ಬಿಡಿಸಿಕೊಳ್ಳುವುದಷ್ಟೇ. ಕಾರಣ ಹೇಳಬೇಕಾಗಿಲ್ಲ, ಸಿಟ್ಟಾಗುವಂತಿಲ್ಲ, ‘ಬರ್ಲಾ ಬುಡಣ್ಣ, ಇನ್ನೊಂದ್ಸಲ ನೋಡಣ’ ಎಂದು ಟವೆಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡರೆ ಮುಗಿಯಿತು. ಟವೆಲ್ಲಿನ ಬಣ್ಣ ಈ ಶಾಸ್ತ್ರಕ್ಕೆ ಪ್ರಸ್ತುತವೇ ಎಂಬ ಬಗ್ಗೆ ಭಿನ್ನಾಭಿಪ್ರಾಯಕ್ಕೆ ಅವಕಾಶವಿದೆ: ಬಿಳಿಯದು ಬೇಗ ಕೊಳೆಯಾಗುತ್ತದೆ, ಅಂಗಡಿಯ ಚೌಕಳಿಯದು ತೆಳುವಾಗಿ ಗುಟ್ಟನ್ನು ಬಿಟ್ಟುಕೊಡುತ್ತದೆ, 1980ರಲ್ಲಿ ರಾಜ್ಯ ರೈತ ಸಂಘ ಹುಟ್ಟಿದ ತರುವಾಯ ಹೆಗಲೇರಿದ ಹಸಿರು ಶಾಲು ಮಾತ್ರ ದಪ್ಪವಾಗಿಯೂ ಗೌರವಯುತವಾಗಿಯೂ ಇದ್ದು ಸಾಮೀಪ್ಯಕ್ಕೆ ಹೋರಾಟದ ಘನತೆಯನ್ನು ತಂದುಕೊಟ್ಟಿದೆ.

ನಂಬಿಕೆಯ ವಿಷಯ. ಶಿಬಿರಗಳಲ್ಲಿ ಕಣ್ಣು ಮುಚ್ಚಿ ಹಿಂದಕ್ಕೆ ಬೀಳುವವನನ್ನು ಉಳಿದವರು ಹಿಡಿಯುವ ಆಟವೊಂದನ್ನು ಆಡಿಸುವುದುಂಟು. ಘಾಟಿಯಲ್ಲಿ ನಂಬಿಕೆಯನ್ನು ಅಳೆಯುವುದು ಎತ್ತಿನ ಬಾಯಿ ಬಿಡಿಸಿ. ಎತ್ತಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ; ಕೆಳದವಡೆಯ ಎಂಟು ಬಾಚಿಹಲ್ಲುಗಳಲ್ಲಿ ಹಾಲುಹಲ್ಲು ಬಿದ್ದು ಎಷ್ಟು ಬಲಿತ ಹಲ್ಲು ಬಂದಿವೆಯೆಂಬುದರ ಮೇಲೆ ಎರಡಲ್ಲು, ನಾಲ್ಕಲ್ಲು, ಆರಲ್ಲು, ಬಾಯಿಗೂಡಿದ್ದು ಎಂದು ಪ್ರಾಯ ನಿರ್ಣಯವಾಗುತ್ತದೆ. ಮಾರುವವನು ನಾಲ್ಕಲ್ಲು ಎಂದು ಹೇಳಿದ್ದರೂ ಕೊಳ್ಳುವವನು ತಾನೇ ತುಟಿ ಸರಿಸಿ ಎಣಿಸುತ್ತಾನೆ, ಸುಳಿ ನೋಡುತ್ತಾನೆ, ಬಾಲ ಎತ್ತುತ್ತಾನೆ, ನಡೆಸಿ ನೋಡುತ್ತಾನೆ, ಆ ಬಳಿಕವೇ ‘ನೀನು ಹೇಳಿದ್ಮೇಲೆ ಮುಗೀತಲ್ಲಣ್ಣ’ ಎನ್ನುತ್ತಾನೆ. ಪರೀಕ್ಷೆಯನ್ನು ಮೊದಲಿಗೂ ವಿಶ್ವಾಸವನ್ನು ಕೊನೆಗೂ ಇರಿಸುವ ಈ ಕ್ರಮವು, ಮೊದಲು ಬಿದ್ದು ಆಮೇಲೆ ಸೊಂಟ ನೋಡಿಕೊಳ್ಳುವ ಕ್ರಮಕ್ಕಿಂತ ಶ್ರೇಷ್ಠವೆಂದು ನಿರ್ಣಯಿಸಬೇಕಾಗಿದೆ.

ಇನ್ನು ಮಾತು. ಪಶ್ಚಿಮದ ಕೂಟಗಳಲ್ಲಿ ಕೋಲೊಂದನ್ನು ಕೈಯಿಂದ ಕೈಗೆ ದಾಟಿಸಿ, ಅದು ಯಾರ ಕೈಯಲ್ಲಿದೆಯೋ ಅವನು ಮಾತ್ರ ಮನಸ್ಸು ಬಿಚ್ಚಬೇಕೆಂಬ ನಿಯಮವಿದೆ. ಘಾಟಿಯ ಬೆಂಕಿಯ ಸುತ್ತ ಕುಳಿತವನ ಕೈಯಲ್ಲೂ ಬಾರುಕೋಲು ಇರುತ್ತದೆ, ಆದರೆ ಅವನು ತನ್ನ ಮನಸ್ಸು ಬಿಚ್ಚುವುದಿಲ್ಲ, ಎತ್ತಿನ ಮನಸ್ಸು ಬಿಚ್ಚುತ್ತಾನೆ. ‘ಜೊತೆಗಾರ ಹೋದಾಗ್ನಿಂದ ಮೇವೇ ಮುಟ್ಟಾಕಿಲ್ಲ ಅಂತದೆ’ ಎಂಬ ವಾಕ್ಯದಲ್ಲಿ ಕರ್ತೃಪದ ಎತ್ತು. ಹೇಳುವವನ ಅಣ್ಣ ತೀರಿಕೊಂಡು ಎಷ್ಟು ದಿನವಾಯಿತೆಂದು ಕೇಳುವವನಿಗೆ ಗೊತ್ತಿರುವುದರಿಂದ ಅವನು ಎತ್ತಿಗೇ ಸಮಾಧಾನ ಹೇಳಿ, ತನ್ನ ಕಂಬಳಿಯ ಒಂದು ಅಂಚನ್ನು ಹೇಳುವವನತ್ತ ಎಳೆಯುತ್ತಾನೆ. ಇದನ್ನು ಈ ಪ್ರಬಂಧದಲ್ಲಿ ‘ಪಶುಮಧ್ಯಸ್ಥ ನ್ಯಾಯ’ ಎಂದು ಹೆಸರಿಸಲಾಗಿದೆ: ಇಬ್ಬರು ಗಂಡಸರ ನಡುವೆ ಅಂತಃಕರಣ ಹರಿಯಬೇಕಾದರೆ ಮೂರನೆಯದೊಂದು ವಸ್ತು, ಎತ್ತೋ ಟವೆಲ್ಲೋ ಹರಕೆಯೋ ಕುಸ್ತಿಯ ಮಣ್ಣೋ, ಅಡ್ಡ ಇರಲೇಬೇಕು. ಗರಡಿಮನೆಯಲ್ಲಿ ಒಬ್ಬನ ಮೈಗೆ ಇನ್ನೊಬ್ಬನು ಎಣ್ಣೆ ತಿಕ್ಕಬಹುದು, ಮಾಲೆ ಹಾಕಿದವರು ವ್ರತ ಮುಗಿಯುವವರೆಗೆ ಒಟ್ಟಿಗೆ ಉಂಡು ಒಟ್ಟಿಗೆ ಮಲಗಬಹುದು. ಅಡ್ಡ ಇದ್ದದ್ದನ್ನು ತೆಗೆದ ಕೂಡಲೇ ಇಬ್ಬರೂ ಹವಾಮಾನದ ಬಗ್ಗೆ ಮಾತಾಡತೊಡಗುತ್ತಾರೆ.

ಕಾಮದ ಅಧ್ಯಾಯಕ್ಕೆ ಬಂದರೆ, ಘಾಟಿಯಷ್ಟು ಮುಚ್ಚುಮರೆಯಿಲ್ಲದ ಸ್ಥಳ ಸುತ್ತಮುತ್ತ ಸಿಗಲಾರದು. ಮಕ್ಕಳಿಲ್ಲದವರು ಹರಕೆ ಹೊತ್ತು ಬರುವ, ನಾಗರಕಲ್ಲು ಪ್ರತಿಷ್ಠೆ ಮಾಡಿಸುವ ಕ್ಷೇತ್ರವಿದು. ಆವರಣದಲ್ಲಿ ಸಾಲಾಗಿ ನಿಂತ ಕಲ್ಲುಗಳಲ್ಲಿ ಹೆಣೆದುಕೊಂಡ ಜೋಡಿ ನಾಗಗಳನ್ನು ಕಡೆದವನಿಗೂ ನಾಚಿಕೆಯಿಲ್ಲ, ಅರಿಸಿನ ಹಚ್ಚುವವರಿಗೂ ಇಲ್ಲ. ಆದರೆ ಹರಕೆಗೆ ಬಂದ ದಂಪತಿಗಳಲ್ಲಿ ಗಂಡನ ಪಾತ್ರವನ್ನು ಅವಲೋಕಿಸಿದರೆ, ಅವನು ಹಣ್ಣುಕಾಯಿಯ ತಟ್ಟೆ ಹಿಡಿದು, ಎಲ್ಲಿ ನಿಲ್ಲಬೇಕೆಂದು ಪುರೋಹಿತರನ್ನು ಕೇಳಿಕೊಂಡು, ಬೇರೆ ಯಾರದೋ ಕೆಲಸಕ್ಕೆ ಜೊತೆಗೆ ಬಂದವನಂತೆ ನಿಂತಿರುತ್ತಾನೆ. ಬಂಜೆತನದ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಸಿನ ಪಾಲೂ ಇರುತ್ತದೆಂದು ವೈದ್ಯಶಾಸ್ತ್ರ ಹೇಳಿದರೂ, ದೋಷವನ್ನು ಸರ್ಪ ಹೊರುತ್ತದೆ, ಇಲ್ಲವೇ ಹೆಂಡತಿ ಹೊರುತ್ತಾಳೆ. ಬೀಜದ ಹೋರಿಯ ಪುರುಷತ್ವವನ್ನು ನಾಲ್ಕು ಜನರ ಎದುರು ಕೈಯಿಟ್ಟು ಪರೀಕ್ಷಿಸಬಲ್ಲ ಅದೇ ಗಂಡಸು ತನ್ನದನ್ನು ದೊಡ್ಡಬಳ್ಳಾಪುರದ ಲ್ಯಾಬಿನಲ್ಲಿ ಪರೀಕ್ಷಿಸಿಕೊಳ್ಳಲು ವರ್ಷಗಟ್ಟಲೆ ಮುಂದೂಡುತ್ತಾನೆ. ಶಿಬಿರ ಅಗತ್ಯವಿರುವುದು ಇವನಿಗೆ.

ಗರ್ಭಗುಡಿಯ ವಿಶೇಷವೂ ಈ ಸಂದರ್ಭದಲ್ಲಿ ಉಲ್ಲೇಖಾರ್ಹ. ಏಕಶಿಲೆಯ ಮೂರ್ತಿಯಲ್ಲಿ ಪೂರ್ವಕ್ಕೆ ಸುಬ್ರಹ್ಮಣ್ಯನಿದ್ದು, ಪಶ್ಚಿಮಕ್ಕೆ ಮುಖ ಮಾಡಿದ ನರಸಿಂಹನು ಭಕ್ತರಿಗೆ ಕಾಣಲೆಂದು ಹಿಂದೆ ಕನ್ನಡಿ ಇರಿಸಲಾಗಿದೆ. ಎದುರಿಗೆ ನಿಂತರೂ ಹಿಂಬದಿಯ ಮುಖಕ್ಕೆ ಕನ್ನಡಿಯೊಂದು ಬೇಕೆಂಬ ಈ ವ್ಯವಸ್ಥೆಯಿಂದ ಪುರುಷ ಮನಶ್ಶಾಸ್ತ್ರದ ಹತ್ತು ಸೂತ್ರಗಳನ್ನು ಹೊರಡಿಸಬಹುದಾದರೂ, ಸರತಿಯಲ್ಲಿ ಹಿಂದಿರುವವರು ‘ಮುಂದಕ್ಕೆ ನಡೀರಿ ಸ್ವಾಮಿ’ ಎನ್ನುವುದರಿಂದ ಆ ಕೆಲಸ ಯಾರಿಂದಲೂ ಪೂರ್ಣವಾಗಿಲ್ಲ.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದು ಏಳುತ್ತದೆ. ಟವೆಲ್ಲು ಎತ್ತು ಕೊಳ್ಳುವವನಿಗೆ ಸಾಕು. ಕೈಯನ್ನು ಕೈಗಾಗಿಯೇ ಹಿಡಿಯಬೇಕೆನಿಸಿದವನಿಗೆ ಏನು ಗತಿ? ಈ ಆಕ್ಷೇಪಕ್ಕೆ ಸಿದ್ಧಾಂತಿಯ ಬಳಿ ಜವಾಬಿಲ್ಲ. ಅಂಥವನನ್ನು 1860ರ ದಂಡಸಂಹಿತೆಯ 377ನೇ ಕಲಂ ಅಪರಾಧಿಯೆಂದಿತು. ದೆಹಲಿ ಹೈಕೋರ್ಟು 2009ರಲ್ಲಿ ಬಿಡಿಸಿದ್ದನ್ನು ಸುಪ್ರೀಂ ಕೋರ್ಟು 2013ರಲ್ಲಿ ಮತ್ತೆ ಕಟ್ಟಿಹಾಕಿ, 2018ರ ಸೆಪ್ಟೆಂಬರ್ 6ರಂದು ತಾನೇ ಬಿಚ್ಚಿತು. ಅಷ್ಟು ಕಾಲ ಬೆಂಗಳೂರಿನಲ್ಲಿ 1994ರಲ್ಲಿ ಶುರುವಾದ ‘ಗುಡ್ ಆ್ಯಸ್ ಯೂ’ ಬಳಗದಂಥ ಕೂಟಗಳು ಪೆಂಡಾಲಿಲ್ಲದೆ, ತಮಟೆಯಿಲ್ಲದೆ, ಕೋಣೆಯೊಳಗೆ ಕುಳಿತು ಶಿಬಿರ ನಡೆಸಿದವು. ಕನ್ನಡದಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ ಬಂದದ್ದು ಅದೇ 2013ರಲ್ಲಿ. ಘಾಟಿಯ ದೇಗುಲವನ್ನು ಸಂಡೂರಿನ ಘೋರ್ಪಡೆ ಅರಸರು ಬೆಳೆಸಿದರೆಂಬ ಪ್ರತೀತಿಯಿದೆ, ವಸುಧೇಂದ್ರರೂ ಸಂಡೂರಿನವರೇ; ಎರಡು ಘಟನೆಗಳ ನಡುವೆ ಕಾರ್ಯಕಾರಣ ಸಂಬಂಧ ಕಲ್ಪಿಸಲು ಯಾವ ಆಧಾರವೂ ಇಲ್ಲದಿರುವುದರಿಂದ, ಸಂಶೋಧನೆಯ ಪದ್ಧತಿಯಂತೆ, ಅದನ್ನು ಇಲ್ಲಿ ಕಲ್ಪಿಸಲಾಗಿದೆ. ಗುಡಿಯಿರಲಿ ಕಥೆಯಿರಲಿ, ಈ ಸೀಮೆಯ ಗಂಡಸಿಗೆ ತಲೆ ಮರೆಸಿಕೊಳ್ಳದೆ ನಿಲ್ಲುವ ಜಾಗ ಸಂಡೂರಿನ ಕಡೆಯಿಂದಲೇ ಒದಗಿದೆ.

ಆದ್ದರಿಂದ ರೆಸಾರ್ಟಿನ ಶಿಬಿರವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಅಲ್ಲಿ ಶುಲ್ಕ ಕೊಟ್ಟು ಟವೆಲ್ಲನ್ನು ತೆಗೆಸುತ್ತಾರೆ, ಇಲ್ಲಿ ಶುಲ್ಕವಿಲ್ಲದೆ ಹೊದಿಸುತ್ತಾರೆ. ಮೊದಲನೆಯದರಲ್ಲಿ ಮಾತು ಹೆಚ್ಚು, ಎರಡನೆಯದರಲ್ಲಿ ಸೊಳ್ಳೆ ಹೆಚ್ಚು. ಎತ್ತುಗಳ ಜಾಗಕ್ಕೆ ಟಿಲ್ಲರು, ಟ್ರ್ಯಾಕ್ಟರು ಬಂದಿರುವುದರಿಂದ ಎರಡನೆಯದು ಎಷ್ಟು ದಿನ ಉಳಿದೀತೆಂಬ ಚಿಂತೆ ಸಹಜ. ಟ್ರ್ಯಾಕ್ಟರಿನ ಬೆಲೆ ಶೋರೂಮಿನ ಗೋಡೆಯ ಮೇಲೆಯೇ ಬರೆದಿರುತ್ತದೆ, ಅದನ್ನು ಕೊಳ್ಳಲು ಯಾರ ಕೈಯನ್ನೂ ಹಿಡಿಯಬೇಕಾಗಿಲ್ಲ. ಪ್ರಯೋಗಾರ್ಥಿಗಳು ರೈಲಿನಲ್ಲಿ ಬರುವುದಾದರೆ ಮಾಕಳಿದುರ್ಗದಲ್ಲಿ ಇಳಿದೂ, ಬಸ್ಸಿನಲ್ಲಾದರೆ ದೊಡ್ಡಬಳ್ಳಾಪುರದ ಮೂಲಕವೂ ಘಾಟಿಯನ್ನು ತಲುಪಬಹುದು. ಟವೆಲ್ಲನ್ನು ಅವರವರೇ ತರತಕ್ಕದ್ದು.