ಹಿಡಿಗೊಂದು ಕಾಲು

ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ ಹಳೇ ಫ್ಯಾನುಗಳ ಅಡಿಯಿಂದ ಅದನ್ನು ಎಳೆದು ತೆಗೆದೆ. ಸ್ಟಾನ್ಲಿ ನಂಬರ್ 4, ಕಬ್ಬಿಣದ ಉಜ್ಜುಗೊರಡು. ಅಲಗಿತ್ತು, ಹಿತ್ತಾಳೆ ತಿರುಗಣಿ ಇತ್ತು, ಮುಂದಿನ ಗುಂಡೂ ಇತ್ತು. ಹಿಂದಿನ ಹಿಡಿ ಮಾತ್ರ ನಾಪತ್ತೆ. "ರಂದಾ ಫಸ್ಟ್ ಕ್ಲಾಸ್ ಐತೆ ಸಾರ್, ಒಂದು ಹಿಡಿ ಹಾಕ್ಕೊಂಡ್ರೆ ಆಯ್ತು" ಅಂದ ಗುಜರಿಯವನು. ಆ 'ಆಯ್ತು' ಆಗುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು.

ಮೊದಲು ಹಿಡಿಯನ್ನು ಬಿಗಿಯುವ ಸರಳು ಬೇಕಿತ್ತು. ಎಸ್.ಪಿ. ರಸ್ತೆಯಲ್ಲಿ ಕೊಂಡ 5 ಎಂ.ಎಂ. ಬೋಲ್ಟು ಗಡಗಡ ಅಲ್ಲಾಡಿತು. 6 ಎಂ.ಎಂ. ತಂದರೆ ಬಾಯೊಳಗೇ ಹೋಗಲಿಲ್ಲ. ಸ್ಟಾನ್ಲಿಯವರದು ತಮ್ಮದೇ ಲೆಕ್ಕ: ದಪ್ಪ ಸುಮಾರು ಐದೂವರೆ ಎಂ.ಎಂ., ಇಂಚಿಗೆ 20 ಸುತ್ತು. ಮಡಿ ಉಟ್ಟ ಅಜ್ಜಿಯ ಹಾಗೆ, ಹೊರಗಿನವರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕೊನೆಗೆ ಲೇತಿನವನೊಬ್ಬ ಕಡೆದುಕೊಟ್ಟ. ಅವನ ಕೂಲಿ ಉಜ್ಜುಗೊರಡಿನ ಬೆಲೆಗಿಂತ ಜಾಸ್ತಿ. ಇದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಆಮೇಲೆ ಮರ. ಹಿಂದೆ ಸ್ಟಾನ್ಲಿಯವರು ಬ್ರೆಜಿಲಿನ ರೋಸ್‌ವುಡ್ ಹಾಕುತ್ತಿದ್ದರು. ನಮ್ಮ ಬೀಟೆ ಅದರ ದಾಯಾದಿ. ಅಟ್ಟದ ಮೇಲೆ ತಾತನ ಬೀಟೆ ಮಂಚವನ್ನು ಬಿಚ್ಚಿಟ್ಟಿದ್ದೆವು, ತೊಡೆ ಗಾತ್ರದ ಕಾಲುಗಳು. ಯಾರೂ ಮಲಗದ ಮಂಚಕ್ಕೆ ಕಾಲೇಕೆ ಅನ್ನಿಸಿತು.

ಮೂರು ಭಾನುವಾರ ಅರ ಹಾಕಿ, ಉಪ್ಪುಕಾಗದದಲ್ಲಿ ತಿಕ್ಕಿ, ಕೂರಿಸಿ ತಿರುಪು ಬಿಗಿದೆ. ಒಂದು ಸಲ ನೂಕಿದ್ದೇ ಮೇಲಿನ ಕೊಕ್ಕು ಟಪ್ಪೆಂದು ಮುರಿಯಿತು. ನಮ್ಮ ಬೀದಿಯ ಆಚಾರ್ರು ತುಂಡನ್ನು ಬೆಳಕಿಗೆ ಹಿಡಿದು, "ಎಳೆ ಅಡ್ಡಕ್ಕೆ ಮಲಗಿರಬೇಕು ಸ್ವಾಮಿ. ನೆಟ್ಟಗೆ ನಿಲ್ಲಿಸಿದೀರಿ, ಕೊಕ್ಕು ನಿಲ್ಲುತ್ತಾ?" ಅಂದರು.

ಎರಡನೆಯದನ್ನು ಎಳೆ ನೋಡಿಯೇ ಕೊಯ್ದೆ, ನಾಲ್ಕು ಬೆರಳೂ ಆರಾಮಾಗಿ ಹಿಡಿಸುವಷ್ಟು ಧಾರಾಳವಾಗಿ. "ಇದೇನು ಕುಕ್ಕರಿನ ಹಿಡಿಯಾ?" ಎಂದು ಆಚಾರ್ರು ನನ್ನ ಕೈಯನ್ನೇ ಹಿಡಿದು ತೋರಿಸಿದರು: ಹಿಡಿಗೆ ಮೂರೇ ಬೆರಳು, ತೋರುಬೆರಳು ಅಲಗಿನ ಪಕ್ಕಕ್ಕೆ ಚಾಚಿರಬೇಕು. ಸಣ್ಣದು ಮಾಡಲು ಅರ ಹಾಕುತ್ತಾ ಹೋದೆ, ಒಳಗಿದ್ದ ತೂತೇ ಹೊರಗೆ ಬಂತು.

ಮೂರನೆಯದು ಕೂತಿತು. ಅಗಸೆ ಎಣ್ಣೆ ಸವರಿ ಒಂದು ಹಲಗೆಯ ಮೇಲೆ ಎಳೆದರೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳನೆಯ ಸುರುಳಿ ಎದ್ದು ಬಂತು. ಹೆಂಡತಿಯನ್ನು ಕೂಗಿ ತೋರಿಸಿದೆ.

"ಚೆನ್ನಾಗಿದೆ ಕಣ್ರೀ" ಅಂದಳು. "ಮುಂದಿನ ವಾರ ದೊಡ್ಡಮ್ಮ ಬರ್ತಾರಂತೆ. ಅವರಿಗೆ ನೆಲದ ಮೇಲೆ ಮಲಗಕ್ಕಾಗಲ್ಲ. ಅಟ್ಟದಿಂದ ಆ ಮಂಚ ಇಳಿಸಿ ಜೋಡಿಸಿಬಿಡಿ."

ಉಜ್ಜುಗೊರಡನ್ನು ಕಂಕುಳಲ್ಲಿ ಇಟ್ಟುಕೊಂಡು ಆಚಾರ್ರ ಮನೆ ಕಡೆ ಹೊರಟೆ.