ಕಲ್ಲೆ ಅಂಕಾ ವ್ರತ: ಸ್ವೀಡನ್ನಿಗೆ ಹೊರಟವರಿಗೆ ವಿಧಿ-ನಿಷೇಧಗಳು

ಸ್ವೀಡನ್ನಿನವರಿಗೆ ದೇವರಲ್ಲಿ ಅಂಥ ಆಸಕ್ತಿಯಿಲ್ಲ ಎಂದು ಕೇಳಿ ನಮ್ಮ ಹುಡುಗರು ನಿಶ್ಚಿಂತೆಯಿಂದ ಸ್ಟಾಕ್‌ಹೋಮ್ ವಿಮಾನ ಹತ್ತುತ್ತಾರೆ. ಡಿಸೆಂಬರಿನಲ್ಲಿ ಆಫೀಸಿನವರು ಯಾರೋ ಹಬ್ಬಕ್ಕೆ ಮನೆಗೆ ಕರೆದರೆ, ಕೇಕು ತಿಂದು ಬಂದರಾಯಿತು ಎಂದುಕೊಳ್ಳುತ್ತಾರೆ. ಈ ಅಜ್ಞಾನವನ್ನು ನಿವಾರಿಸುವುದು ನಮ್ಮಂಥ ವಿದ್ವಾಂಸರ ಹೊಣೆ. ಅಲ್ಲಿ ಭಕ್ತಿ ಕಡಿಮೆ ಇರುವುದು ನಿಜ. ಮಡಿ ಮಾತ್ರ ನಮ್ಮ ಯಾವ ಅಗ್ರಹಾರದಲ್ಲೂ ಅಷ್ಟಿರಲಿಲ್ಲ.

ಕ್ರಿಸ್‌ಮಸ್ ಆಚರಣೆ 24ರಂದೇ. ಮುಹೂರ್ತ ಮಧ್ಯಾಹ್ನ 3 ಗಂಟೆ. ಸ್ಟಾಕ್‌ಹೋಮ್‌ನಲ್ಲಿ ಆ ದಿನ ಸೂರ್ಯ 3ಕ್ಕೆ ಮೊದಲೇ ಮುಳುಗಿ ಜಾಗ ಬಿಟ್ಟುಕೊಡುತ್ತಾನೆ. ಬಳಿಕ ಟಿವಿಯಲ್ಲಿ ಕಾರ್ಟೂನಿನ ಬಾತುಕೋಳಿ ಡೊನಾಲ್ಡ್ ಡಕ್ ಉದಯಿಸುತ್ತಾನೆ. ಅಲ್ಲಿನ ನಾಮಧೇಯ ಕಲ್ಲೆ ಅಂಕಾ. ಹಳೆಯ ಕಾರ್ಟೂನ್ ತುಣುಕುಗಳನ್ನು ಪೋಣಿಸಿ ಡಿಸ್ನಿ ಕಂಪನಿ 1958ರಲ್ಲಿ ಅಮೆರಿಕದ ಟಿವಿಗೆಂದು ಮಾಡಿದ ಕಾರ್ಯಕ್ರಮವಿದು. ಸ್ವೀಡನ್ನಿನವರು ಆರು ದಶಕಗಳಿಂದ ಪ್ರತಿವರ್ಷ ಅದನ್ನೇ, ಅದೇ ಹೊತ್ತಿಗೆ, ಮನೆಮಂದಿಯೆಲ್ಲ ಕೂತು ನೋಡುತ್ತಿದ್ದಾರೆ. ಒಂದು ಕೋಟಿ ಜನರ ದೇಶದಲ್ಲಿ 30 ಲಕ್ಷಕ್ಕೂ ಹೆಚ್ಚು ಮಂದಿ ನೋಡಿದ ವರ್ಷಗಳುಂಟು.

ಪಾಠ ಎಲ್ಲರಿಗೂ ಕಂಠಸ್ಥ. ಬಾತುಕೋಳಿಗಿಂತ ಅರೆಕ್ಷಣ ಮೊದಲೇ ಆ ಮನೆಯ ಮಾವ ನಗುತ್ತಾನೆ. ಅತಿಥಿ ಅವನೊಂದಿಗೇ ನಗಬೇಕು, ಮೊದಲೂ ಅಲ್ಲ, ನಂತರವೂ ಅಲ್ಲ. ‘ಇದು ಯೂಟ್ಯೂಬಲ್ಲಿ ಸಿಗುತ್ತಲ್ಲ’ ಎನ್ನುವುದು ಮಹಾಪಾತಕ. 1982ರಲ್ಲಿ ಟಿವಿಯವರು ಹೂ ಮೂಸುತ್ತ ಕೂರುವ ಹೋರಿ ಫರ್ಡಿನಾಂಡನನ್ನು ತೆಗೆದು ಬೇರೊಂದು ಕಾರ್ಟೂನು ಹಾಕಿ ನೋಡಿದರು. ಪ್ರತಿಭಟನೆ ಎದ್ದಿತು; ಮರುವರ್ಷವೇ ಹೋರಿಯ ಪುನಃಪ್ರತಿಷ್ಠೆಯಾಯಿತು. ಅಲ್ಲಿನ ಲೂಥರನ್ ಪಂಥದ ಚರ್ಚು ಖಾಲಿಯಾದಾಗ ಇಷ್ಟು ಗಲಾಟೆ ಆಗಲಿಲ್ಲ.

ಮನೆಯ ಅಜ್ಜಿಯನ್ನು ಹೆಸರು ಹಿಡಿದು, ಏಕವಚನದಲ್ಲೇ ಮಾತನಾಡಿಸಬೇಕು. ನಾಲಿಗೆ ಹೊರಳದವರು ಹೆಸರಿನ ಮುಂದೆ ಮನಸ್ಸಿನಲ್ಲೇ ‘ಅಮ್ಮ’ ಸೇರಿಸಿಕೊಳ್ಳಬಹುದು. ಚಪ್ಪಲಿ ಬಾಗಿಲಲ್ಲೇ ಬಿಡುತ್ತಾರೆ. ಈ ಒಂದು ವಿಷಯದಲ್ಲಿ ನಮ್ಮವರಿಗೆ ತರಬೇತಿ ಬೇಡ.

ಭೋಜನಕ್ಕೆ ಯೂಲ್‌ಬೂರ್ಡ್ ಎಂದು ಹೆಸರು. ಮೊದಲು ಉಪ್ಪಿನಕಾಯಿಯಂತೆ ಹುಳಿಗೆ ಹಾಕಿದ ತಣ್ಣನೆಯ ಹೆರಿಂಗ್ ಮೀನು, ಆಮೇಲೆ ಹಂದಿಯ ತೊಡೆ, ಮಾಂಸದುಂಡೆ. ಸಸ್ಯಾಹಾರಿಗಳು ಗಾಬರಿಯಾಗಿ ಯಾನ್ಸನ್ಸ್ ಫ್ರೆಸ್ಟೆಲ್ಸೆ ಎಂಬ ಖಾದ್ಯಕ್ಕೆ ಶರಣಾಗುತ್ತಾರೆ. ಆಲೂಗಡ್ಡೆ, ಈರುಳ್ಳಿ, ಕೆನೆ ಕಂಡು ಎರಡೆರಡು ಸಲ ಹಾಕಿಸಿಕೊಳ್ಳುತ್ತಾರೆ. ಅದರೊಳಗಿರುವ ಸಣ್ಣ ಮೀನು ಕೆನೆಯಲ್ಲಿ ಮಿಂದು ಶುದ್ಧವಾಗಿರುತ್ತದೆಂಬುದು ನಮ್ಮ ಅಭಿಪ್ರಾಯ. ಬಡಿಸುವವರನ್ನು ಮಾತ್ರ ಕೇಳಬೇಡಿ. ಕೇಳಿದರೆ ನಿಜ ಹೇಳಿಬಿಡುತ್ತಾರೆ. ಆ ಜನರ ದೊಡ್ಡ ದೋಷವೇ ಅದು.

ಸಂಜೆ ಯಜಮಾನ ‘ಪೇಪರ್ ತರುತ್ತೇನೆ’ ಎಂದು ಹೊರಡುತ್ತಾನೆ. ಹಬ್ಬದ ಸಂಜೆ ಯಾವ ಪೇಪರ್ ಎಂದು ಕೇಳಕೂಡದು. ಉಪಕಾರಬುದ್ಧಿಯಿಂದ ‘ತಡೀರಿ, ನಾನೂ ಬರ್ತೀನಿ’ ಎಂದು ಜಾಕೆಟ್ ಹಾಕಿಕೊಳ್ಳಲೂ ಕೂಡದು. ತುಸು ಹೊತ್ತಿಗೆ ಅವನದೇ ಬೂಟು ಮೆಟ್ಟಿದ ಬಿಳಿಗಡ್ಡದ ಟೊಮ್ಟೆ, ಅಂದರೆ ಅಲ್ಲಿನ ಸಾಂತಾಕ್ಲಾಸ್, ಬಂದು, ಇಲ್ಲಿ ಒಳ್ಳೆಯ ಮಕ್ಕಳಿದ್ದಾರೆಯೇ ಎಂದು ವಿಚಾರಿಸುತ್ತಾನೆ. ‘ಎಲ್ಲಿ ಬಂತು, ಮೂರು ಹೊತ್ತೂ ಮೊಬೈಲು’ ಎಂಬ ನಮ್ಮ ಕಡೆಯ ಉತ್ತರ ಅಲ್ಲಿ ನಡೆಯುವುದಿಲ್ಲ.

ಸ್ಥಳೀಯ ಆಚಾರಗಳನ್ನೆಲ್ಲ ಗೌರವಿಸಬೇಕು ಎಂಬ ನಮ್ಮ ಸಾಮಾನ್ಯ ಸೂತ್ರಕ್ಕೆ ಒಂದೇ ಅಪವಾದ, ಯೆವ್ಲೆ ಪಟ್ಟಣದ ಹೋತ. 1966ರಿಂದ ಅಲ್ಲಿ ಹಬ್ಬಕ್ಕೆ ಸುಮಾರು 13 ಮೀಟರ್ ಎತ್ತರದ ಹುಲ್ಲಿನ ಹೋತವನ್ನು ನಿಲ್ಲಿಸುವುದು ಪದ್ಧತಿ. ಅರ್ಧಕ್ಕಿಂತ ಹೆಚ್ಚು ವರ್ಷ ಯಾರೋ ಅದನ್ನು ಸುಟ್ಟೋ ಕೆಡವಿಯೋ ಹಾಕಿದ್ದಾರೆ. 2001ರಲ್ಲಿ ಅಮೆರಿಕದ ಪ್ರವಾಸಿಯೊಬ್ಬ ಬೆಂಕಿಯಿಟ್ಟು ಸಿಕ್ಕಿಬಿದ್ದ. ಸುಡುವುದೂ ಸಂಪ್ರದಾಯವೇ ಎಂದು ಅಲ್ಲಿನ ಗೆಳೆಯರು ಹೇಳಿದ್ದನ್ನು ನಂಬಿದ್ದನಂತೆ. ಜೈಲಾಯಿತು. ಪರದೇಶದ ಸಂಸ್ಕೃತಿಯೊಂದಿಗೆ ಇಷ್ಟು ಬೇಗ ಬೆರೆತ ಅತಿಥಿ ಇನ್ನೊಬ್ಬನಿರಲಾರ.

ಕೊನೆಗೆ ಅಕ್ಕಿ-ಹಾಲಿನ ಪಾಯಸ. ಇಡೀ ಪಾತ್ರೆಗೆ ಒಂದೇ ಬಾದಾಮಿ, ಅದೂ ಜಿಪುಣತನದಿಂದಲ್ಲ. ಯಾರ ಬಟ್ಟಲಿಗೆ ಬರುತ್ತದೋ ಅವರಿಗೆ ವರ್ಷದೊಳಗೆ ಮದುವೆ ಎಂದು ನಂಬಿಕೆ. ಬ್ರಹ್ಮಚಾರಿಗಳಿಗೆ ಸಿಕ್ಕರೆ ಸದ್ದಿಲ್ಲದೆ ನುಂಗಿಬಿಡುವುದು ಕ್ಷೇಮ. ರಾತ್ರಿ ಹಾಸನಕ್ಕೆ ವಿಡಿಯೊ ಕಾಲ್ ಮಾಡಿ ಬಾಯಿಬಿಟ್ಟರೆ, ‘ಬಡಿಸಿದ ಹುಡುಗಿ ಯಾರ ಪೈಕಿ?’ ಎಂದು ತಾಯಿ ಕೇಳದೆ ಬಿಡುವುದಿಲ್ಲ.