ಪಿನಾಕಿನಿಯ ಕ್ಯಾಪ್ಟನ್

ನಮ್ಮ ಭಾವ ಹುಟ್ಟಿದ್ದು ಪಾವಗಡ ತಾಲ್ಲೂಕಿನಲ್ಲಿ. ಅಲ್ಲಿ ನೀರು ಅಂದರೆ ಬಿಂದಿಗೆಯಲ್ಲಿ ಎಣಿಸುವ ಪದಾರ್ಥ. ಊರ ಪಕ್ಕದ ಉತ್ತರ ಪಿನಾಕಿನಿಯಲ್ಲಿ ಅವರು ಬಾಲ್ಯವಿಡೀ ಕ್ರಿಕೆಟ್ ಆಡಿದವರು. ಹೊಳೆಗೆ ನೀರು ಬಂದ ಒಂದು ವರ್ಷ ಫೈನಲ್ ಪಂದ್ಯ ನಿಂತುಹೋಯಿತೆಂದು ಈಗಲೂ ಕೊರಗುತ್ತಾರೆ. ಅಂಥವರು ಐವತ್ತೆಂಟನೆಯ ವಯಸ್ಸಿನಲ್ಲಿ ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಒಂದು ಮೋಟಾರು ದೋಣಿ ಕೊಂಡರು.

ಕೊಳ್ಳುವ ಮುಂಚೆ ಯಾರನ್ನೂ ಕೇಳಲಿಲ್ಲ, ಕೊಂಡಮೇಲೆ ಯಾರನ್ನೂ ಬಿಡಲಿಲ್ಲ. ಇದು ಆ ಕರಾವಳಿಯ ಕಾಯಿಲೆ. ಮರೀನಾದ ಕಟ್ಟೆಯ ಮೇಲೆ ಸಂಜೆ ಒಂದು ಸುತ್ತು ಹಾಕಿದರೆ ರೋಗಿಗಳು ಸಾಲಾಗಿ ಸಿಗುತ್ತಾರೆ. ನಿವೃತ್ತ ದಂತವೈದ್ಯರು, ಮಾಜಿ ಬ್ಯಾಂಕ್ ಮ್ಯಾನೇಜರುಗಳು, ಮೂರನೆಯ ಮದುವೆಯ ಹೊಸಬರು, ಈಗ ನಮ್ಮ ಭಾವ. ಲಕ್ಷಣಗಳು ಎಲ್ಲರಿಗೂ ಒಂದೇ: ತಲೆಗೆ ಬಿಸಿಲಿಗೆ ಬಣ್ಣ ಹೋದ ಟೋಪಿ, ಕಪ್ಪು ಕನ್ನಡಕಕ್ಕೆ ಕತ್ತಿನ ಹಿಂದಿನಿಂದ ದಾರ, ಸಾಕ್ಸಿಲ್ಲದ ಬೂಟು, ಆಕಾಶದ ಮೇಲೊಂದು ಕಣ್ಣು. ಮತ್ತೆ ಭಾಷೆ. ಭಾವ ಮನೆಯಲ್ಲಿ ಎಡ-ಬಲ ಎನ್ನುವುದನ್ನೇ ಬಿಟ್ಟುಬಿಟ್ಟಿದ್ದಾರೆ. "ಲೇ, ಮೊಸರು ಫ್ರಿಜ್ಜಿನ ಸ್ಟಾರ್‌ಬೋರ್ಡ್ ಕಡೆ ಇದೆ ಕಣೇ" ಅನ್ನುತ್ತಾರೆ. ಅಕ್ಕ ಪೋರ್ಟ್ ಕಡೆಯಿಂದ ಸೌಟು ತೋರಿಸುತ್ತಾಳೆ.

ದೋಣಿಗೆ 'ಉತ್ತರ ಪಿನಾಕಿನಿ' ಎಂದು ಹೆಸರಿಡಬೇಕೆಂಬುದು ಅವರ ಆಸೆ. ಹಿಂಬದಿಯಲ್ಲಿ ಹೆಸರು ಬರೆಯುವವನು ಇಂಗ್ಲಿಷ್ ಅಕ್ಷರಕ್ಕಿಷ್ಟು ಎಂದು ದರ ಹೇಳಿದ. ಹದಿನಾಲ್ಕು ಅಕ್ಷರಗಳಾಗುತ್ತಿದ್ದವು. ಭಾವ ಅಲ್ಲೇ 'ಉತ್ತರ'ವನ್ನು ಕೈಬಿಟ್ಟು ಎಂಟಕ್ಕೆ ಇಳಿಸಿದರು. ಆ ದೋಣಿಯ ವಿಷಯದಲ್ಲಿ ಅವರು ದುಡ್ಡು ಉಳಿಸಿದ್ದು ಅದೊಂದೇ ಸಲ. ಮರೀನಾದವರು ಅದನ್ನು 'ಪಿನ್ಯ ಕೊಲಾಡಾ' ಎಂದು ಕರೆಯುತ್ತಾರೆ. ಅದು ಅನಾನಸ್ಸು ಮತ್ತು ತೆಂಗಿನಹಾಲು ಹಾಕಿದ ರಮ್ಮಿನ ಪಾನಕ. ಮದ್ಯ ಮುಟ್ಟದ ಭಾವ ಕೂಗಿಗೆ ಓಗೊಡುವುದನ್ನು ಕಲಿತಿದ್ದಾರೆ.

ದೋಣಿ ಇಪ್ಪತ್ತೆಂಟು ಅಡಿಯದು, ಎರಡನೆಯ ಕೈಯದು. ಕೊಳ್ಳುವಾಗ ಇಪ್ಪತ್ತೆಂಟು ಅಡಿ ಇದ್ದದ್ದು ಕಟ್ಟಿಹಾಕಲು ಹೋದಾಗ ಮೂವತ್ತೊಂದಾಯಿತು. ಮರೀನಾದವರು ಮುಂದಿನ ಲಂಗರಿನ ಮೂತಿಯಿಂದ ಹಿಂದೆ ಈಜಲು ಇಳಿಯುವ ಹಲಗೆಯವರೆಗೆ ಟೇಪು ಹಿಡಿದರು. ಮೂವತ್ತೊಂದು ಅಡಿಯ ಜಾಗ ಇರಲಿಲ್ಲ, ಮೂವತ್ತೈದರದು ಖಾಲಿ ಇತ್ತು. ದೋಣಿ, ಜಾಗ ಎರಡರಲ್ಲಿ ಯಾವುದು ಉದ್ದವೋ ಅದಕ್ಕೆ ಬಾಡಿಗೆ. ಅಡಿಗೆ ತಿಂಗಳಿಗೆ ಇಪ್ಪತ್ತು ಡಾಲರಿನಂತೆ ಏಳುನೂರು ಡಾಲರ್. ಅದರಲ್ಲಿ ನಾಲ್ಕಡಿ ಬರೀ ನೀರಿಗೆ. ಪಾವಗಡದವರಿಗೆ ನೀರಿಗೆ ದುಡ್ಡು ಕೊಡುವುದೇನೂ ಹೊಸದಲ್ಲ, ಆದರೆ ಅಲ್ಲಿ ಟ್ಯಾಂಕರಿನವನು ನೀರನ್ನು ಮನೆಗೆ ತಂದು ಸುರಿಯುತ್ತಿದ್ದ.

ವಿಮೆ ಇಲ್ಲದ ದೋಣಿಯನ್ನು ಮರೀನಾದವರು ಕಟ್ಟಲು ಬಿಡುವುದಿಲ್ಲ. ಉತ್ತರದ ಶಾಂತ ಸರೋವರಗಳಲ್ಲಿ ದೋಣಿಯ ಬೆಲೆಯ ನೂರಕ್ಕೆ ಒಂದೋ ಒಂದೂವರೆಯೋ ಭಾಗ ಕೊಟ್ಟರೆ ವರ್ಷದ ವಿಮೆ ಮುಗಿಯಿತು. ಫ್ಲಾರಿಡಾದಲ್ಲಿ ಅದು ಎರಡಾಗಿ, ಮೂರಾಗಿ, ದೋಣಿ ಹಳೆಯದಾದರೆ ಇನ್ನೂ ಮೇಲಕ್ಕೆ ಹೋಗುತ್ತದೆ. ಕೆಲವು ಪಾಲಿಸಿಗಳಲ್ಲಿ ಇನ್ನೊಂದು ಷರತ್ತು: ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30, ಆ ತಿಂಗಳುಗಳಲ್ಲಿ ದೋಣಿ ಜಾರ್ಜಿಯಾ ಗಡಿಯಿಂದ ಆಚೆ, ಉತ್ತರದಲ್ಲೇ ಇರಬೇಕು. ಆಷಾಢಕ್ಕೆ ಹೊಸ ಸೊಸೆಯನ್ನು ತವರಿಗೆ ಕಳಿಸಿದ ಹಾಗೆ. ಭಾವ ಆ ಅಗಲಿಕೆ ತಾಳಲಾರೆನೆಂದು ಹೆಚ್ಚಿನ ಪ್ರೀಮಿಯಮ್ಮಿನ ಪಾಲಿಸಿ ಮಾಡಿಸಿದರು. ದೋಣಿಗೆ 80,000 ಡಾಲರ್ ಬೆಲೆ ಕಟ್ಟಿ, ವರ್ಷಕ್ಕೆ 2,400.

ನಾನು 2024ರ ಸೆಪ್ಟೆಂಬರ್ ಮೊದಲ ವಾರ ಅಲ್ಲಿಗೆ ಹೋದಾಗ ಭಾವ ಮೊದಲು ತೋರಿಸಿದ್ದು ಡಿಸ್ನಿ ವರ್ಲ್ಡನ್ನಲ್ಲ, ಪಾಲಿಸಿಯ ಏಳನೆಯ ಪುಟವನ್ನು.

"ನೋಡಯ್ಯಾ, ಮಾಮೂಲಿ ಗಾಳಿಗೆ ದೋಣಿ ಹಾಳಾದರೆ ಮೊದಲ ಎಂಟುನೂರು ಡಾಲರ್ ನಂದು, ಮಿಕ್ಕಿದ್ದು ಕಂಪನಿಯದು. ಅದೇ ಗಾಳಿಗೆ ಹೆಸರಿಟ್ಟಿದ್ದರೆ ಬೆಲೆಯ ನೂರಕ್ಕೆ ಹತ್ತು. ಮೊದಲ ಎಂಟು ಸಾವಿರ ನಂದು."

"ಹೆಸರಿಡೋರು ಯಾರು ಭಾವ?"

"ಸರ್ಕಾರ. ಗಂಟೆಗೆ 39 ಮೈಲಿ ಮುಟ್ಟಿತು ಅಂದ್ರೆ ನಾಮಕರಣ."

38 ಮೈಲಿಯ ಗಾಳಿಗೆ ಎಂಟುನೂರು, 39ಕ್ಕೆ ಎಂಟು ಸಾವಿರ. ಇಷ್ಟು ದುಬಾರಿ ನಾಮಕರಣವನ್ನು ನಾನು ನಮ್ಮ ಬಂಧುಗಳಲ್ಲಿ ಕಂಡಿಲ್ಲ. ಸರಿ, ಗಾಳಿ ಬಂದಾಗಲೇ ವಿಮೆ ಮಾಡಿಸಿದರಾಯಿತು ಎಂದರೆ ಅದೂ ನಡೆಯದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ತಪ್ಪನ್ನು ವಿಮೆಯವರು ಮಾಡುವುದಿಲ್ಲ. ಕಡಲಲ್ಲಿ ಬಿರುಗಾಳಿ ತಲೆಯೆತ್ತಿತು ಅಂದರೆ ಹೊಸ ಪಾಲಿಸಿಯ ಬಾಗಿಲು ಮುಚ್ಚುತ್ತಾರೆ.

ಅಕ್ಕ ಅಕೌಂಟೆಂಟು. ಆ ರಾತ್ರಿ ಅವಳು ಲೆಕ್ಕ ಒಪ್ಪಿಸಿದಳು: ಕಟ್ಟುವ ಜಾಗಕ್ಕೆ 8,400, ವಿಮೆಗೆ 2,400, ತಳಕ್ಕೆ ಅಂಟಿದ ಚಿಪ್ಪುಹುಳು ಕೆರೆಸಿ ಬಣ್ಣ ಬಳಿಸಿದ್ದಕ್ಕೆ 1,200. ಒಟ್ಟು ಹನ್ನೆರಡು ಸಾವಿರ. ಹಿಂದಿನ ವರ್ಷ ದೋಣಿ ಕಟ್ಟೆ ಬಿಟ್ಟು ಹೊರಟದ್ದು ಎಂಟು ಸಲ. "ಒಂದು ಸವಾರಿಗೆ ಸಾವಿರದೈನೂರು ಡಾಲರ್ ಕಣೋ. ಒಂದೂಕಾಲು ಲಕ್ಷ ರೂಪಾಯಿ. ಪ್ರತಿ ಸಲ ದೋಣಿ ಹತ್ತೋ ಬದಲು ವಿಮಾನ ಹತ್ತಿದ್ರೆ ಬೆಂಗಳೂರಿಗೆ ಎಂಟು ಸಲ ಬಂದು ಹೋಗಬಹುದಿತ್ತು."

"ಪೆಟ್ರೋಲ್ ಸೇರಿಸಿಲ್ಲ ನೀನು" ಎಂದರು ಭಾವ, ಲೆಕ್ಕದಲ್ಲಿ ತಪ್ಪು ಹಿಡಿದ ಖುಷಿಯಲ್ಲಿ.

ಆದರೆ ಭಾವನ ಮರ್ಯಾದೆ ಇರುವುದು ಸವಾರಿಯಲ್ಲಲ್ಲ. ಸವಾರಿಯಲ್ಲಿ ಅವರು ಸಾಧಾರಣ; ಕಡಲಹಸುಗಳ ವಲಯದಲ್ಲಿ ನಿಧಾನ ಹೋಗಬೇಕೆಂಬ ಫಲಕ ಕಂಡರೆ ಉಳಿದವರು ಗೊಣಗುತ್ತಾರೆ, ಇವರು ನಿಟ್ಟುಸಿರು ಬಿಟ್ಟು ಕಾಫಿ ಫ್ಲಾಸ್ಕ್ ತೆಗೆಯುತ್ತಾರೆ. ಅವರ ನಿಜವಾದ ಕಳೆ ಏರುವುದು ಗಾಳಿ ಎದ್ದಾಗ. ಮಯಾಮಿಯ ರಾಷ್ಟ್ರೀಯ ಚಂಡಮಾರುತ ಕೇಂದ್ರ ದಿನಕ್ಕೆ ನಾಲ್ಕು ಸಲ, ಬೆಳಗ್ಗೆ ಐದಕ್ಕೆ, ಹನ್ನೊಂದಕ್ಕೆ, ಸಂಜೆ ಐದಕ್ಕೆ, ರಾತ್ರಿ ಹನ್ನೊಂದಕ್ಕೆ ಮುನ್ಸೂಚನೆ ಕೊಡುತ್ತದೆ. ಉಪನಯನವಾದ ತಿಂಗಳಿಗೇ ಸಂಧ್ಯಾವಂದನೆ ಬಿಟ್ಟ ಭಾವ ಈ ನಾಲ್ಕು ಹೊತ್ತನ್ನು ತಪ್ಪಿಸಿದ್ದಿಲ್ಲ. ಭೂಪಟದ ಮೇಲೆ ಬಿಳಿಯ ಶಂಕುವೊಂದು ಫ್ಲಾರಿಡಾದ ಕಡೆ ಚಾಚಿಕೊಂಡರೆ ಮರೀನಾದವರೆಲ್ಲ ಅವರ ಸುತ್ತ ನೆರೆಯುತ್ತಾರೆ. ಕಾನೂನೂ ಅವರಿಗೆ ಕಂಠಪಾಠ. ಚಂಡಮಾರುತದ ಎಚ್ಚರಿಕೆ ಹೊರಟ ಮೇಲೆ ದೋಣಿ ತೆಗೆದುಕೊಂಡು ಹೋಗಿ ಎಂದು ಮರೀನಾದವರು ಬಲವಂತ ಮಾಡುವಂತಿಲ್ಲ. ಆಸ್ತಿಗಿಂತ ಜೀವ ದೊಡ್ಡದೆಂದು ಫ್ಲಾರಿಡಾದ ಶಾಸನವೇ ಹೇಳುತ್ತದೆ. ಭಾವ ಅದರ ಕಲಂ ಸಂಖ್ಯೆ 327.59 ಎಂದು ಸಹಸ್ರನಾಮದ ವರಸೆಯಲ್ಲಿ ಹೇಳುತ್ತಾರೆ. ಪಾಪ, ಮರೀನಾದವರು ಬಾಯಿ ತೆರೆದಿರುವುದೇ ಇಲ್ಲ.

ನನಗೆ ಗೊತ್ತಿಲ್ಲದ ಒಂದು ಸಂಗತಿ ಸೆಪ್ಟೆಂಬರ್ 24ರಂದು ಹೊರಬಿತ್ತು. ವಿಮೆಯವರು ಪ್ರತಿ ಮಾಲೀಕನಿಂದಲೂ 'ಚಂಡಮಾರುತ ಯೋಜನೆ' ಎಂಬ ಫಾರಂ ಬರೆಸಿಕೊಂಡಿರುತ್ತಾರೆ. ದೋಣಿ ಎಲ್ಲಿ ಕಟ್ಟುತ್ತೀರಿ, ಎಷ್ಟು ಹಗ್ಗ, ಎಷ್ಟು ದಪ್ಪ, ನೀವಿಲ್ಲದಿದ್ದರೆ ಯಾರು ಹೊಣೆ. ಕೊನೆಯ ಗೆರೆಯಲ್ಲಿ ನನ್ನ ಹೆಸರಿತ್ತು. 'ಸಂಬಂಧ: ಹೆಂಡತಿಯ ತಮ್ಮ.' ವಿಳಾಸ ಬಸವನಗುಡಿಯದು.

"ಫೋನು ಮಾಡಿದ್ರೆ ನೀನು ತೆಗೀತೀಯಲ್ಲಯ್ಯಾ, ಅದಕ್ಕೇ ಹಾಕಿದೆ" ಎಂದರು.

ಅಂದಿನ ಗಾಳಿಯ ಹೆಸರು ಹೆಲೀನ್. ದೋಣಿಯನ್ನು ಪಟ್ಟೆ ಹಾಕಿ ಎತ್ತಿ ದಡದ ಮೇಲೆ ನಿಲ್ಲಿಸುವ ಯಾರ್ಡುಗಳಲ್ಲಿ ಸರದಿ ತುಂಬಿಹೋಗಿತ್ತು. ಎತ್ತಿಸಿದ ಖರ್ಚಿನಲ್ಲಿ ಅರ್ಧ ಕೊಡುತ್ತೇವೆಂದು ವಿಮೆಯವರ ಮಾತಿತ್ತು, ಎತ್ತುವ ಯಂತ್ರ ಮಾತ್ರ ಸಿಗಲಿಲ್ಲ. ಹಾಗಾಗಿ ಹಗ್ಗವೇ ಗತಿ. ಒಂದಿದ್ದಲ್ಲಿ ಎರಡು, ಎರಡಿದ್ದಲ್ಲಿ ನಾಲ್ಕು. ನೈಲಾನ್ ಹಗ್ಗ ಎಳೆತಕ್ಕೆ ಹರಿಯುವುದಕ್ಕಿಂತ ಉಜ್ಜಿ ಉಜ್ಜಿ ಹರಿಯುವುದೇ ಹೆಚ್ಚು. ದೋಣಿಯ ಅಂಚಿಗೆ ತಾಗುವಲ್ಲಿ ಏನನ್ನಾದರೂ ಸುತ್ತಬೇಕು. ಪಕ್ಕದ ದಂತವೈದ್ಯರು ಅಂಗಡಿಯಿಂದ ತಂದ ಚರ್ಮದ ತೋಳು ತೊಡಿಸಿದರು. ನಾವು ಹೋಗುವ ಹೊತ್ತಿಗೆ ಅಂಗಡಿಯಲ್ಲಿ ಅದು ಮುಗಿದಿತ್ತು. ಭಾವ ಕಾರಿನ ಡಿಕ್ಕಿಯಿಂದ ಅಕ್ಕನ ಹಳೆಯ ಇಳಕಲ್ ಸೀರೆ ತೆಗೆದರು. ಮೂರು ಮೊಳದ ತುಂಡು ಮಾಡಿ, ಹಗ್ಗಕ್ಕೆ ಬಿಗಿಯಾಗಿ ಸುತ್ತಿ, ಹುರಿಯಿಂದ ಕಟ್ಟಿದೆವು. ಕೆಂಪು ದಡಿ ಹೊರಗೆ ಕಾಣುತ್ತಿತ್ತು. ಅಕ್ಕನಿಗೆ ಸುದ್ದಿ ಹೇಳುವ ಹೊಣೆಯೂ ಫಾರಂ ಪ್ರಕಾರ ನನ್ನದೇ ಎಂದರು.

ಹೆಲೀನ್ ಸೆಪ್ಟೆಂಬರ್ 26ರ ರಾತ್ರಿ ನಮ್ಮಿಂದ ನೂರಕ್ಕೂ ಹೆಚ್ಚು ಮೈಲಿ ಉತ್ತರಕ್ಕೆ ದಡ ಮುಟ್ಟಿತು. ಆದರೂ ಟ್ಯಾಂಪಾ ಕೊಲ್ಲಿಯಲ್ಲಿ ನೀರು ಆರಡಿಗೂ ಮೇಲೆದ್ದಿತು. ನಮ್ಮದು ತೇಲುವ ಕಟ್ಟೆ. ಎತ್ತರದ ಕಂಬಗಳ ಗುಂಟ ನೀರಿನೊಂದಿಗೆ ಮೇಲೇರಿ ದೋಣಿಯೊಂದಿಗೆ ಕೆಳಗಿಳಿಯಿತು. ಮಗ್ಗುಲ ಮರೀನಾದ ಸ್ಥಿರ ಕಟ್ಟೆಯಲ್ಲಿ ದೋಣಿಗಳು ಹಲಗೆಯ ಮೇಲೆ ಹತ್ತಿ ಕೂತಿದ್ದವು. ಊರಿನ ತಗ್ಗು ಬೀದಿಗಳಲ್ಲಿ ನೆನೆದ ಸೋಫಾ, ಫ್ರಿಜ್ಜು, ಹಾಸಿಗೆಗಳ ರಾಶಿ. ಆ ಬೀದಿಗಳಲ್ಲಿ ನಡೆಯುವಾಗ ಭಾವ ದೋಣಿಯ ಮಾತೆತ್ತಲಿಲ್ಲ. ಮನೆಗೆ ಬಂದ ಮೇಲೆ ಎತ್ತಿದರು. ನಾಲ್ಕು ದಿನ ಇಳಿಸಲಿಲ್ಲ.

ಆ ರಾಶಿಗಳು ಇನ್ನೂ ಬೀದಿಯಲ್ಲಿರುವಾಗಲೇ ಮಿಲ್ಟನ್ ಹುಟ್ಟಿತು. ಎರಡೇ ದಿನದಲ್ಲಿ ಐದನೆಯ ದರ್ಜೆ, ಗಂಟೆಗೆ 180 ಮೈಲಿ. ಟ್ಯಾಂಪಾ ಕೊಲ್ಲಿಗೆ ಹತ್ತರಿಂದ ಹದಿನೈದು ಅಡಿ ಕಡಲುಬ್ಬರ ಎಂದರು. ಭಾವ ಟೇಪಿನ ಒಂದು ತುದಿ ನನ್ನ ಕೈಗೆ ಕೊಟ್ಟು ಕಂಬ ಅಳೆದರು. ನೀರಿನಿಂದ ಮೇಲೆ ಹನ್ನೊಂದು ಅಡಿ. ಹದಿನೈದು ಬಂದರೆ ಕಟ್ಟೆ, ದೋಣಿ ಎರಡೂ ಕಂಬದ ತಲೆ ದಾಟಿ ಮೆರವಣಿಗೆ ಹೊರಡುತ್ತವೆ. ಎಲ್ಲಿಗೆ ಹೋಗಿ ನಿಂತರೂ, ಯಾರ ಹಿತ್ತಲಲ್ಲಿ ಕೂತರೂ ಅಲ್ಲಿಂದ ಎತ್ತಿಸುವ ಖರ್ಚು ಮಾಲೀಕನದು. ಭಾವ ಏನೂ ಮಾತಾಡದೆ ಉಳಿದ ಸೀರೆಯನ್ನೂ ಸುತ್ತಿದರು. ಆಮೇಲೆ ದೋಣಿಯ ಮೂತಿಗೆ ಅರಿಶಿನ ಕುಂಕುಮ ಹಚ್ಚಿದರು. ದಂತವೈದ್ಯರು ಬಂದು ಆ ಪುಡಿ ತುಕ್ಕು ತಡೆಯುತ್ತದೆಯೇ ಎಂದು ವಿಚಾರಿಸಿದರು. ಭಾವ ಹೌದೆಂದು ಅವರಿಗೂ ಒಂದು ಚಿಟಿಕೆ ಕೊಟ್ಟರು.

ನಾವು ಒರ್ಲ್ಯಾಂಡೋದ ಮೈಸೂರಿನವರೊಬ್ಬರ ಮನೆಗೆ ಹೋದೆವು. ಅಕ್ಟೋಬರ್ 9ರ ರಾತ್ರಿ ಮಿಲ್ಟನ್ ಮೂರನೆಯ ದರ್ಜೆಗೆ ಇಳಿದು, ದಕ್ಷಿಣಕ್ಕೆ ಸರಿದು ಸಿಯೆಸ್ಟಾ ಕೀ ಎಂಬಲ್ಲಿ ದಡ ಹತ್ತಿತು. ಅಷ್ಟಾದದ್ದೇ ಲೆಕ್ಕವೆಲ್ಲ ತಿರುಗುಮುರುಗು. ಟ್ಯಾಂಪಾ ಕೊಲ್ಲಿಗೆ ಉಬ್ಬರ ಬರುವ ಬದಲು ಇದ್ದ ನೀರೂ ಹಿಂದಕ್ಕೆ ಸರಿಯಿತು. ಹದಿನೈದು ಅಡಿ ನೀರಿಗೆ ಸಿದ್ಧವಾಗಿದ್ದ ಪಿನಾಕಿನಿ ಕೆಸರಿನ ಮೇಲೆ ಕೂತಿತು, ತನ್ನ ಹೆಸರಿನ ಹೊಳೆಯ ಹಾಗೆ. ನೀರು ಬಂದದ್ದು ಮೇಲಿನಿಂದ. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹದಿನೆಂಟು ಅಂಗುಲಕ್ಕೂ ಹೆಚ್ಚು ಮಳೆ, ಹೆಚ್ಚುಕಡಿಮೆ ಪಾವಗಡದ ಒಂದು ವರ್ಷದ ಮಳೆ, ಆ ಬಿರುಗಾಳಿಯಲ್ಲೇ ಸುರಿದುಹೋಯಿತು. ಎಲೆ ಕಟ್ಟಿಕೊಂಡು ದೋಣಿಯ ನೀರುಗಂಡಿ ಮುಚ್ಚಿತು, ಕರೆಂಟು ಹೋಯಿತು, ಪಂಪಿನ ಬ್ಯಾಟರಿ ಸತ್ತಿತು. ನಾವು ವಾಪಸು ಹೋಗಿ ನೋಡಿದಾಗ ಕಡಲು ಯಥಾಸ್ಥಾನಕ್ಕೆ ಬಂದಿತ್ತು. ಹಗ್ಗ ಒಂದೂ ಹರಿದಿರಲಿಲ್ಲ, ದಡಿ ಸಹ ಬಣ್ಣ ಬಿಟ್ಟಿರಲಿಲ್ಲ, ಎಂಜಿನ್ನು ಮಾತ್ರ ಕುತ್ತಿಗೆಯವರೆಗೆ ಮಳೆನೀರಿನಲ್ಲಿ ಕೂತಿತ್ತು.

ರಿಪೇರಿಯ ಅಂದಾಜು ಬಂತು: 7,600 ಡಾಲರ್. ಮಿಲ್ಟನ್ನಿಗೆ ಹೆಸರಿತ್ತು. ಮೊದಲ ಎಂಟು ಸಾವಿರ ನಮ್ಮದು. ವಿಮೆಯವರು ಫೋನಿನಲ್ಲಿ ಬಹಳ ಮರ್ಯಾದೆಯಿಂದ ವಿಷಾದ ಹೇಳಿದರು.

ಎರಡು ವಾರ ದೋಣಿಗೆ ಒಂದು ಗೀರೂ ಬೀಳದಿರಲಿ ಎಂದು ನಿದ್ದೆಗೆಟ್ಟ ಮನುಷ್ಯ ಮಾರನೆಯ ದಿನ ಬೆಳಗ್ಗೆ ಟಾರ್ಚು ಹಿಡಿದು ದೋಣಿಯ ಮೇಲೆ ಮಂಡಿಯೂರಿ ಹುಡುಕತೊಡಗಿದರು. "ಇಲ್ಲಿ ನೋಡಯ್ಯಾ, ಬಿರುಕು ಅಲ್ವಾ ಇದು?" ಅಲ್ಲ ಭಾವ, ಕೂದಲು. "ಈ ಗೂಟ ಅಲ್ಲಾಡ್ತಿದೆಯಾ?" ನಾನು ಕೈಯಿಟ್ಟೆ, ಗಟ್ಟಿಯಾಗಿತ್ತು. ಅವರ ಮುಖ ನೋಡಿ, ಸ್ವಲ್ಪ ಅಲ್ಲಾಡಿದ ಹಾಗಿದೆ ಎಂದೆ. ಅಂತೂ ಮಧ್ಯಾಹ್ನದ ಹೊತ್ತಿಗೆ ಹಿಂಬದಿಯ ಈಜುಹಲಗೆಯ ತಳ ಸೀಳಿದ್ದು ಸಿಕ್ಕಿತು. ಕೆಸರಿನ ಮೇಲೆ ಕೂತಾಗ ಆದದ್ದು. ಆ ಹಲಗೆಗೆ ಪ್ರತಿ ತಿಂಗಳೂ ಅಡಿ ಲೆಕ್ಕದಲ್ಲಿ ಬಾಡಿಗೆ ಕಟ್ಟಿದ್ದು ಸಾರ್ಥಕವಾಯಿತು. ಅಂದಾಜು 8,150ಕ್ಕೆ ಏರಿತು. ಭಾವ ಕುಣಿದಾಡಿದರು.

ನೂರೈವತ್ತು ಡಾಲರಿನ ಚೆಕ್ಕು ಡಿಸೆಂಬರಿನಲ್ಲಿ ಬಂತಂತೆ. ಅದರ ಜೊತೆ ಹೊಸ ವರ್ಷದ ಪ್ರೀಮಿಯಂ ಪತ್ರವೂ ಬಂತು ಎಂದು ಅಕ್ಕ ಹೇಳಿದಳು, ಮೊತ್ತ ಹೇಳಲಿಲ್ಲ. ಅವಳು ಅಂಕಿ ನುಂಗಿದ್ದು ನನಗೆ ತಿಳಿದ ಮಟ್ಟಿಗೆ ಅದೇ ಮೊದಲು.

2025ರ ಮೇ ಕೊನೆಯಲ್ಲಿ, ಬೆಳಗಿನ ಜಾವ, ಫೋನು ಬಂತು. ನಾನು ತೆಗೆದೆ.

"ಕೇಳಿದ್ಯಾ? ಹೆಲೀನ್, ಮಿಲ್ಟನ್ ಎರಡೂ ಹೆಸರನ್ನ ಪಟ್ಟಿಯಿಂದ ತೆಗೆದುಬಿಟ್ರು ಕಣಯ್ಯಾ. ಇನ್ಮೇಲೆ ಯಾವ ಗಾಳಿಗೂ ಆ ಹೆಸರಿಡೋದಿಲ್ಲ. ಬದಲಿಗೆ ಹಾಲಿ, ಮಿಗೆಲ್ ಅಂತೆ."

"ಒಳ್ಳೇದಾಯ್ತು ಭಾವ. ಫಾರಂನಲ್ಲಿ ನನ್ನ ಹೆಸರು?"

"ಅದು ಹಾಗೇ ಇದೆ. ಬರೋವಾಗ ಅಮ್ಮನ ಹತ್ರ ಹಳೇ ಸೀರೆ ಇದ್ರೆ ಎರಡು ತಗೊಂಬಾ."